ನೋಯದ ಗಾಯ, ಹಾಗಾಗಿ ತೋರಿಸಿರಲಿಲ್ಲ

ನಿನ್ನೆ ಸಂಜೆ ಇನ್ಶೂರೆನ್ಸ್ ಕಂಪನಿಯಿಂದ ಮೆಸೇಜ್ ಬಂತು, ದುಡ್ಡು ಖಾತೆಗೆ ಹಾಕಿದ್ದೇವೆ ಅಂತ. ಜ್ವರ ಬಿಟ್ಟು ಏಳು ವಾರ ಆಗಿದೆ. ಆದರೆ ಕಾಗದಪತ್ರ ಮುಗಿಯುವ ತನಕ ಕಾಯಿಲೆಯೂ ಮುಗಿದ ಹಾಗೆ ಅನ್ನಿಸುವುದಿಲ್ಲ ಅಲ್ವಾ. ಈಗ ಮುಗಿಯಿತು. ನೆನಪು ಮಾಸುವ ಮೊದಲೇ ಬರೆದಿಡುತ್ತೇನೆ. ಕರಾವಳಿಯಲ್ಲಿ ಮಳೆ ಕಡಿಮೆಯಾಗಿ ಹುಲ್ಲು ಎದೆಯೆತ್ತರ ಬೆಳೆಯುವ ಕಾಲದಲ್ಲಿ ಯಾರಿಗಾದರೂ ಉಪಯೋಗಕ್ಕೆ ಬರಬಹುದು.

ನನಗೆ ಬಂದದ್ದು ಸ್ಕ್ರಬ್ ಟೈಫಸ್, ಹುಲ್ಲಿನಲ್ಲಿರುವ ಸಣ್ಣ ಹುಳ ಕಚ್ಚಿ ಬರುವ ಜ್ವರ. ಟೈಫಾಯಿಡ್ ಅಲ್ಲ, ಟೈಫಸ್. ಈ ಒಂದೆರಡು ಅಕ್ಷರದ ವ್ಯತ್ಯಾಸ ನನಗೆ ಎಷ್ಟು ಕಾಟ ಕೊಟ್ಟಿತು ಅಂತ ಮುಂದೆ ಹೇಳುತ್ತೇನೆ.

ಶುರುವಾದದ್ದು ನವರಾತ್ರಿ ರಜೆಯಲ್ಲಿ. ನಾವಿರುವುದು ಮಂಗಳೂರಿನ ಕಾವೂರಿನಲ್ಲಿ. ತವರು ಉಡುಪಿಯಿಂದ ಆಚೆ, ಹಿರಿಯಡ್ಕದ ಕಡೆ. ಮನೆಯ ಹಿಂದೆ ಎರಡು ಗದ್ದೆ ಆರೇಳು ವರ್ಷದಿಂದ ಹಡಿಲು ಬಿದ್ದಿವೆ. ಕೆಲಸಕ್ಕೆ ಜನ ಸಿಗುವುದಿಲ್ಲ, ಅಪ್ಪನಿಗೂ ಆಗುವುದಿಲ್ಲ. ಆ ಹಡಿಲು ಜಾಗದಲ್ಲಿ ಮಲ್ಲಿಗೆ ಗಿಡ ಹಾಕಬೇಕು ಅಂತ ಅಮ್ಮನಿಗೆ ಈ ವರ್ಷ ಹಟ ಬಂದಿತ್ತು. ಶಂಕರಪುರದಿಂದ ಗಿಡ ತರಲು ಮಾತೂ ಆಗಿತ್ತು. ಅದಕ್ಕೆ ಮೊದಲು ಬಲ್ಲೆ, ಅಂದರೆ ಪೊದೆ, ಸವರಬೇಕಿತ್ತು. ಕೆಲಸಕ್ಕೆ ಬರುವ ಅಕ್ಕ, ಅಮ್ಮ, ನಾನು, ಮೂವರೂ ಎರಡು ದಿನ ಕತ್ತಿ ಹಿಡಿದೆವು. ಸುಸ್ತಾದಾಗ ಗದ್ದೆ ಹುಣಿಯ (ಬದುವಿನ) ಮೇಲೆ, ಹುಲ್ಲಿನಲ್ಲೇ ಕೂತು ಚಾ ಕುಡಿದೆವು. ಬೆವರು ಒರೆಸಿದ ಬೈರಾಸನ್ನು ಪೊದೆಯ ಮೇಲೆ ಹರಡಿ ಒಣಗಿಸಿ, ಮತ್ತೆ ಅದನ್ನೇ ಸೊಂಟಕ್ಕೆ ಸುತ್ತಿಕೊಂಡೆ. ಇಷ್ಟು ವಿವರ ಯಾಕೆ ಹೇಳುತ್ತಿದ್ದೇನೆ ಅಂದರೆ, ಇದನ್ನು ಆಮೇಲೆ ಆಸ್ಪತ್ರೆಯಲ್ಲಿ ಒಬ್ಬರು ಕೇಳಿದರು. ಅವರಿಗಿಂತ ಮೊದಲು ಯಾರೂ ಕೇಳಿರಲಿಲ್ಲ.

ಮಂಗಳೂರಿಗೆ ವಾಪಸು ಬಂದು ಹತ್ತನೇ ದಿನ ಜ್ವರ. ಬೆಳಿಗ್ಗೆ ಸಣ್ಣ ಚಳಿ, ಮಧ್ಯಾಹ್ನಕ್ಕೆ 102. ತಲೆನೋವು ಎಂಥದ್ದು ಅಂದರೆ ಕಣ್ಣು ಗುಡ್ಡೆ ತಿರುಗಿಸಿದರೂ ನೋಯುತ್ತಿತ್ತು. ಮೈ ಒನಕೆಯಲ್ಲಿ ಕುಟ್ಟಿದ ಹಾಗೆ. ಮೊದಲ ದಿನ ಪ್ಯಾರಾಸಿಟಮಾಲ್ ನುಂಗಿ ಮಲಗಿದೆ. ಎರಡನೇ ದಿನ ಹತ್ತಿರದ ಕ್ಲಿನಿಕ್ಕಿಗೆ ಹೋದೆ. ಮುಕ್ಕಾಲು ಗಂಟೆ ಕಾದೆ, ಒಳಗೆ ಇದ್ದದ್ದು ಮೂರು ನಿಮಿಷ. "ವೈರಲ್ ಇರಬಹುದು, ಈಗ ಎಲ್ಲ ಕಡೆ ಉಂಟು" ಅಂದರು. ತಪ್ಪು ಅನ್ನಲಾರೆ. ಹೊರಗಿನ ಬೆಂಚಿನಲ್ಲಿ ನನ್ನ ಹಾಗೇ ಹತ್ತು ಜನ ಜ್ವರದವರು ಕೂತಿದ್ದರು.

ಮೂರನೇ ದಿನ ಸ್ನಾನ ಮಾಡುವಾಗ ಬಲ ಎದೆಯ ಕೆಳಗೆ, ಒಳಉಡುಪಿನ ಪಟ್ಟಿ ಕೂರುವ ಜಾಗದಲ್ಲಿ, ಬೆರಳಿಗೆ ಏನೋ ಗರಗರ ತಾಗಿತು. ಕನ್ನಡಿಯಲ್ಲಿ ನೋಡಿದೆ. ಉದ್ದಿನ ಕಾಳಿಗಿಂತ ಸ್ವಲ್ಪ ದೊಡ್ಡ ಕಪ್ಪು ಹಕ್ಕಳೆ, ಸುತ್ತ ಕೆಂಪು. ನೋವಿಲ್ಲ, ತುರಿಕೆಯೂ ಇಲ್ಲ. ಪಟ್ಟಿ ಉಜ್ಜಿ ಗಾಯ ಆಗಿದೆ ಅಂದುಕೊಂಡೆ. ಸ್ವಲ್ಪ ತೆಂಗಿನೆಣ್ಣೆ ಹಚ್ಚಿ ಸುಮ್ನೆ ಬಿಟ್ಟೆ.

ಯಾರಿಗೂ ಹೇಳಲಿಲ್ಲ. ಜ್ವರಕ್ಕೂ ಅದಕ್ಕೂ ಸಂಬಂಧ ಇದೆ ಅಂತ ಹೊಳೆಯಲೇ ಇಲ್ಲ. ಹೊಳೆದಿದ್ದರೂ ಆ ಜಾಗವನ್ನು ಕ್ಲಿನಿಕ್ಕಿನಲ್ಲಿ, ಪರದೆ ಸರಿಯಾಗಿ ಮುಚ್ಚದ ಆ ಕೋಣೆಯಲ್ಲಿ, ತೋರಿಸುತ್ತಿದ್ದೆನಾ? ಗೊತ್ತಿಲ್ಲ. ಬಹುಶಃ ಇಲ್ಲ.

ಮಂಗಳೂರಿನಲ್ಲಿ ಜ್ವರ ಅಂದ ಕೂಡಲೇ ಮಲೇರಿಯಾ, ಡೆಂಗಿ ನೋಡುವುದು ವಾಡಿಕೆ. ಎರಡೂ ಮಾಡಿಸಿದೆ, ಎರಡೂ ನೆಗೆಟಿವ್. ಪ್ಲೇಟ್‌ಲೆಟ್ ಮಾತ್ರ 1,18,000. ಇದು ಕಡಿಮೆ ಅಂತ ಮನೆಯಲ್ಲಿ ಪಪ್ಪಾಯಿ ಎಲೆಯ ರಸ ಶುರುವಾಯಿತು. ಕುಡಿದವರಿಗೇ ಗೊತ್ತು ಅದರ ಕಹಿ. ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಡೆಂಗಿ ಪರೀಕ್ಷೆಗೆ ಖಾಸಗಿ ಲ್ಯಾಬುಗಳು ಎಷ್ಟು ತಗೊಳ್ಳಬಹುದು ಅಂತ ರಾಜ್ಯ ಸರ್ಕಾರ 2024ರಲ್ಲಿ ಮಿತಿ ಹಾಕಿದೆ. ಬಿಲ್ ಜಾಸ್ತಿ ಅನ್ನಿಸಿದರೆ ಕೇಳುವ ಹಕ್ಕು ನಿಮಗಿದೆ. ನನಗೆ ಆಗ ಕೇಳುವ ತ್ರಾಣ ಇರಲಿಲ್ಲ.

ನಾಲ್ಕನೇ ದಿನ ಸೆಫಿಕ್ಸಿಮ್ ಅನ್ನುವ ಆ್ಯಂಟಿಬಯಾಟಿಕ್ ಕೊಟ್ಟರು. ಐದನೇ ದಿನ ಟೈಫಾಯಿಡ್ ಪತ್ತೆಗೆ ಮಾಡುವ ವಿಡಾಲ್ ಪರೀಕ್ಷೆ ಮಾಡಿಸಿದರು, ಅದರಲ್ಲಿ ಸ್ವಲ್ಪ ಪಾಸಿಟಿವ್ ಬಂತು. "ಟೈಫಾಯಿಡ್" ಅಂತ ಒಂದು ಚೀಟಿಯಲ್ಲಿ ಬರೆದರು. ಹೆಸರು ಸಿಕ್ಕಿತಲ್ಲ ಅಂತ ನಮಗೆಲ್ಲ ಒಂಥರಾ ಸಮಾಧಾನ. ಅತ್ತೆ ಕುಚ್ಚಲಕ್ಕಿ ಗಂಜಿ ಬಿಟ್ಟು ಬೇರೇನೂ ಕೊಡಲಿಲ್ಲ. ಒಂದೇ ಸಲದ ವಿಡಾಲ್ ಪರೀಕ್ಷೆಯನ್ನು ಅಷ್ಟಾಗಿ ನಂಬುವ ಹಾಗಿಲ್ಲ ಅಂತ ನನಗೆ ಆಮೇಲೆ ಗೊತ್ತಾಯಿತು. ನಮ್ಮ ಊರುಗಳಲ್ಲಿ ಹಳೆಯ ಸೋಂಕು, ಹಳೆಯ ಲಸಿಕೆ, ಬೇರೆ ಜ್ವರ ಯಾವುದರಿಂದ ಬೇಕಾದರೂ ಅದು ಪಾಸಿಟಿವ್ ಬರಬಹುದಂತೆ.

ಇದೇ ಹೊತ್ತಿಗೆ ಇನ್ನೊಂದು ಪಂಚಾಯಿತಿ. ನಮ್ಮ ಮನೆಯಲ್ಲಿ ಟಾಮಿ ಇದ್ದಾನೆ, ಊರ ನಾಯಿ, ಎಂಟು ವರ್ಷ. ಪಕ್ಕದ ಫ್ಲ್ಯಾಟಿನವರು ನೋಡಲು ಬಂದು, "ನಾಯಿಯಿಂದಲೂ ಬರುತ್ತದೆ ಮಾರಾಯ್ರೆ, ಉಣುಗು ಕಚ್ಚಿದರೆ ಮಂಗನ ಕಾಯಿಲೆ" ಅಂದು ಹೋದರು. ಅಷ್ಟು ಸಾಕಾಯಿತು. ಟಾಮಿ ಕಾರ್ ಪಾರ್ಕಿಂಗಿಗೆ ವರ್ಗಾವಣೆ ಆದ. ರಾತ್ರಿಯಿಡೀ ಅವನು ಕುಂಯ್‌ಗುಡುವುದು, ನಾನು ಮೇಲೆ ಜ್ವರದಲ್ಲಿ ಮುಲುಗುವುದು.

ಏಳನೇ ದಿನ ಬೆಳಿಗ್ಗೆ ಮೆಟ್ಟಿಲು ಹತ್ತುವಾಗ ಉಸಿರು ಸಾಲಲಿಲ್ಲ. ಒಣ ಕೆಮ್ಮು ಹಿಂದಿನ ದಿನವೇ ಶುರುವಾಗಿತ್ತು. ನಮ್ಮವರು ಇನ್ನು ಕಾಯುವುದು ಬೇಡ ಅಂತ ದೊಡ್ಡ ಖಾಸಗಿ ಆಸ್ಪತ್ರೆಯೊಂದಕ್ಕೆ ಕರೆದುಕೊಂಡು ಹೋದರು. ತುರ್ತು ವಿಭಾಗದಲ್ಲಿ ಜ್ವರ 103.4, ಆಮ್ಲಜನಕ 91, ಪ್ಲೇಟ್‌ಲೆಟ್ 74,000. ಲಿವರ್ ಪರೀಕ್ಷೆಯ ಅಂಕಿಗಳು ಇರಬೇಕಾದದ್ದಕ್ಕಿಂತ ನಾಲ್ಕೈದು ಪಟ್ಟು ಜಾಸ್ತಿ. ಅಡ್ಮಿಟ್ ಅಂದರು. ಬೆಡ್ ಸಿಗಲು ನಾಲ್ಕು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಸ್ಟ್ರೆಚರಿನಲ್ಲೇ, ಮೂಗಿಗೆ ಆಮ್ಲಜನಕದ ನಳಿಗೆ ಹಾಕಿಕೊಂಡು ಮಲಗಿದ್ದೆ.

ಅಲ್ಲಿಗೆ ಬಂದವಳು ಒಬ್ಬ ಪಿಜಿ ಓದುತ್ತಿರುವ ಡಾಕ್ಟರು. ಇಪ್ಪತ್ತಾರು ಇಪ್ಪತ್ತೇಳು ವರ್ಷ ಇರಬಹುದು. ನನ್ನನ್ನು ಆಂಟಿ ಅಂದಳು, ಹೋಗಲಿ ಬಿಡಿ. ಅವಳು ಜ್ವರದ ಬಗ್ಗೆ ಒಂದೆರಡು ಪ್ರಶ್ನೆ ಕೇಳಿ, ನೇರ ಬೇರೆ ಕಡೆಗೆ ತಿರುಗಿದಳು.

"ಆಂಟಿ, ಕಳೆದ ಮೂರು ವಾರದಲ್ಲಿ ಊರಿಗೆ ಹೋಗಿದ್ರಾ? ಗದ್ದೆ, ತೋಟ, ಹಾಡಿ ಕಡೆ?"

ಹೇಳಿದೆ. ಹುಲ್ಲಿನ ಮೇಲೆ ಕೂತಿದ್ರಾ ಅಂದಳು. ಕೂತಿದ್ದೆ. ಮನೆಯಲ್ಲಿ ನಾಯಿ, ಬೆಕ್ಕು? ಕೆಸರು ನೀರಿನಲ್ಲಿ ಇಳಿದಿದ್ರಾ? ಕಾಲಿನಲ್ಲಿ ಗಾಯ ಇತ್ತಾ? ಕೊನೆಗೆ, "ಮೈ ಮೇಲೆ ಎಲ್ಲಾದರೂ ಕಪ್ಪು ಕಲೆ, ಸಿಗರೇಟಿನಿಂದ ಸುಟ್ಟ ಹಾಗೆ?"

ನಾನು ಒಂದು ಕ್ಷಣ ಸುಮ್ಮನಾದೆ. ಆಮೇಲೆ, "ಒಂದು ಉಂಟು, ಆದರೆ ಅದು ಒಳಉಡುಪು ತಾಗಿ ಆದದ್ದು" ಅಂದೆ.

ಅವಳು ಸಿಸ್ಟರನ್ನು ಕರೆದು ಪರದೆ ಎಳೆಸಿ ನೋಡಿದಳು. ಅಷ್ಟಕ್ಕೇ ನಿಲ್ಲಿಸಲಿಲ್ಲ. ಕಂಕುಳು, ಬೆನ್ನು, ಸೊಂಟ, ತೊಡೆಸಂದು, ಕಿವಿಯ ಹಿಂದೆ, ಎಲ್ಲ ನೋಡಿದಳು. ಕಂಕುಳಲ್ಲಿ ಗಂಟು ಊದಿದೆ ಅಂತ ಒತ್ತಿ ತೋರಿಸಿದಳು, ಅದೂ ನನಗೆ ಗೊತ್ತಿರಲಿಲ್ಲ. ಆಮೇಲೆ ಫೋನಿನಲ್ಲಿ ದೊಡ್ಡ ಡಾಕ್ಟರಿಗೆ ಹೇಳಿದ್ದು ನನಗೆ ಕೇಳಿಸಿತು: "ಸರ್, ಎಸ್ಕಾರ್ ಇದೆ." ಅವಳ ದನಿಯಲ್ಲಿ ಕಳೆದುಹೋದ ಕೀಲಿಕೈ ಸಿಕ್ಕಿದವರ ಖುಷಿ ಇತ್ತು. ನನಗಂತೂ ಭಯ.

ಎಸ್ಕಾರ್ ಅಂದರೆ ಆ ಕಪ್ಪು ಹಕ್ಕಳೆಯೇ. ಹುಳ ಕಚ್ಚಿದ ಜಾಗದಲ್ಲಿ ಚರ್ಮ ಸತ್ತು ಆಗುವ ಗಾಯ. ಎಲ್ಲ ರೋಗಿಗಳಲ್ಲೂ ಇರುವುದಿಲ್ಲ. ಇದ್ದರೂ ಬಟ್ಟೆ ಬಿಗಿಯಾಗಿ ಕೂರುವ, ಚರ್ಮ ಮೆತ್ತಗಿರುವ ಜಾಗದಲ್ಲೇ ಹೆಚ್ಚಾಗಿ ಅಡಗಿರುತ್ತದೆ. ಕಂಕುಳು, ತೊಡೆಸಂದು, ಸೊಂಟದ ಲಾಡಿ ಕಟ್ಟುವ ಜಾಗ, ಹೆಂಗಸರಿಗೆ ಎದೆಯ ಕೆಳಗೆ. ನೋಯುವುದಿಲ್ಲವಾದ್ದರಿಂದ ರೋಗಿ ಹೇಳುವುದಿಲ್ಲ. ನಾಚಿಕೆಯ ಜಾಗವಾದ್ದರಿಂದ ಡಾಕ್ಟರು ಕೇಳುವುದಿಲ್ಲ. ನನ್ನ ಏಳು ದಿನ ಹೋದದ್ದು ಈ ಎರಡರ ನಡುವೆ.

ಪರೀಕ್ಷೆಯ ವರದಿಗೆ ಕಾಯದೆ ಅವತ್ತು ರಾತ್ರಿಯೇ ಡಾಕ್ಸಿಸೈಕ್ಲಿನ್ ಶುರು ಮಾಡಿದರು. ಈ ವಿಷಯ ಮುಖ್ಯ. ಸ್ಕ್ರಬ್ ಟೈಫಸ್‌ಗೆ ಐಜಿಎಂ ಎಲೈಸಾ ಅನ್ನುವ ರಕ್ತ ಪರೀಕ್ಷೆ ಇದೆ. ಆದರೆ ಜ್ವರ ಬಂದ ಮೊದಲ ನಾಲ್ಕೈದು ದಿನ ಅದು ನೆಗೆಟಿವ್ ಬರಬಹುದು, ಯಾಕೆಂದರೆ ಅದು ಹುಡುಕುವುದು ನಮ್ಮ ದೇಹ ಮಾಡಿಕೊಂಡ ಪ್ರತಿಕಾಯವನ್ನು. ಹಾಗಾಗಿ ಲಕ್ಷಣ ನೋಡಿಯೇ ಔಷಧಿ ಶುರು ಮಾಡುತ್ತಾರೆ. ನನಗೆ ಏಳನೇ ದಿನವಾದ್ದರಿಂದ ಮರುದಿನ ಸಂಜೆ ಪಾಸಿಟಿವ್ ಅಂತಲೇ ಬಂತು.

ಹಿಂದಿನ ಮೂರು ದಿನದ ಸೆಫಿಕ್ಸಿಮ್ ಯಾಕೆ ಏನೂ ಮಾಡಲಿಲ್ಲ ಅಂತ ದೊಡ್ಡ ಡಾಕ್ಟರನ್ನು ಕೇಳಿದೆ. ಅವರು ರೌಂಡ್ಸ್ ಹೊತ್ತಿನಲ್ಲೂ ನಿಂತು ಹೇಳಿದರು. ಈ ರೋಗಾಣುವಿನ ಹೆಸರು ಓರಿಯೆಂಟಿಯಾ ತ್ಸುತ್ಸುಗಾಮುಶಿ. ಜಪಾನಿ ಭಾಷೆಯಲ್ಲಿ ಮುಶಿ ಅಂದರೆ ಹುಳ. ಇದು ಬ್ಯಾಕ್ಟೀರಿಯಾವೇ, ಆದರೆ ನಮ್ಮ ಜೀವಕೋಶದ ಒಳಗೆ ಹೊಕ್ಕು ಕೂರುವ ಜಾತಿ. ಪೆನಿಸಿಲಿನ್, ಸೆಫಿಕ್ಸಿಮ್ ಕುಟುಂಬದ ಔಷಧಿಗಳಿಗೆ ಬಗ್ಗುವುದಿಲ್ಲ. ಡಾಕ್ಸಿಸೈಕ್ಲಿನ್ ಅಥವಾ ಅಜಿತ್ರೋಮೈಸಿನ್‌ಗೆ ಬಗ್ಗುತ್ತದೆ. ಗರ್ಭಿಣಿಯರಿಗೆ ಸಾಮಾನ್ಯವಾಗಿ ಎರಡನೆಯದು. ತೀರಾ ಗಂಭೀರವಾದರೆ ಎರಡನ್ನೂ ಸೇರಿಸಿ ನರಕ್ಕೆ ಕೊಡುವುದು ಒಳ್ಳೆಯದು ಅಂತ ನಮ್ಮ ದೇಶದ ಆಸ್ಪತ್ರೆಗಳಲ್ಲೇ ನಡೆದ ಅಧ್ಯಯನ 2023ರಲ್ಲಿ ಪ್ರಕಟವಾಗಿದೆಯಂತೆ. ನನಗೆ ಮೊದಲ ಎರಡು ದಿನ ಹಾಗೇ ಕೊಟ್ಟರು. ತಡವಾದರೆ ಶ್ವಾಸಕೋಶ, ಕಿಡ್ನಿ, ಮಿದುಳು ಯಾವುದನ್ನು ಬೇಕಾದರೂ ಹಿಡಿಯುವ ಕಾಯಿಲೆ ಇದು. ನನ್ನ ಶ್ವಾಸಕೋಶದ ಬಾಗಿಲು ತಟ್ಟಿ ನಿಂತಿತ್ತು.

ಕಚ್ಚುವ ಹುಳ ಯಾವುದು? ತೆಂಗಿಗೆ ನುಸಿ ಪೀಡೆ ಬಂದದ್ದು ನೆನಪಿದೆಯಲ್ಲ, ಆ ನುಸಿಯ ದೂರದ ನೆಂಟ. ಅದರ ಮರಿಗೆ ಚಿಗ್ಗರ್ ಅಂತ ಹೆಸರು. ಕಣ್ಣಿಗೆ ಕಾಣುವುದೇ ಕಷ್ಟ, ಮಿಲಿಮೀಟರಿನ ಐದನೇ ಒಂದು ಭಾಗದಷ್ಟು. ತಮಾಷೆ ಅಂದರೆ ಬೆಳೆದ ನುಸಿ ನಮ್ಮ ಗೊಡವೆಗೇ ಬರುವುದಿಲ್ಲ, ಮಣ್ಣಿನಲ್ಲಿ ಸಣ್ಣ ಕೀಟಗಳ ಮೊಟ್ಟೆ ತಿಂದುಕೊಂಡಿರುತ್ತದೆ. ಕಚ್ಚುವುದು ಅದರ ಮರಿ, ಅದೂ ಜೀವನದಲ್ಲಿ ಒಂದೇ ಸಲ. ಆರು ಕಾಲಿನ ಮರಿಗಳು ಹುಲ್ಲಿನ ತುದಿಯಲ್ಲಿ ಗುಂಪುಗುಂಪಾಗಿ ಕಾಯುತ್ತವೆ. ಇಲಿ ಹೋದರೆ ಇಲಿಗೆ, ನಾವು ಕೂತರೆ ನಮಗೆ ಹತ್ತುತ್ತವೆ. ಕಚ್ಚಿದ್ದು ಗೊತ್ತಾಗುವುದಿಲ್ಲ. ಎರಡು ಮೂರು ದಿನ ಅಂಟಿಕೊಂಡಿದ್ದು ಉದುರಿ ಹೋಗುತ್ತವೆ. ತಾಯಿಯಿಂದ ಮೊಟ್ಟೆಗೇ ರೋಗಾಣು ಹೋಗುವುದರಿಂದ ಒಂದು ಜಾಗದಲ್ಲಿ ನೆಲೆ ನಿಂತರೆ ವರ್ಷ ವರ್ಷವೂ ಅಲ್ಲೇ ಇರಬಹುದು. ಹಡಿಲು ಬಿದ್ದ ಗದ್ದೆ, ಇಲಿ ಬಿಲ, ಮಳೆಯ ತೇವ. ಕೇಳುತ್ತಾ ಕೇಳುತ್ತಾ ನಮ್ಮ ಮನೆಯ ಹಿಂದಿನ ಚಿತ್ರವೇ ಕಣ್ಣ ಮುಂದೆ ಬಂತು. ಕಚ್ಚಿದ ಮೇಲೆ ಆರರಿಂದ ಇಪ್ಪತ್ತೊಂದು ದಿನದೊಳಗೆ ಜ್ವರ ಬರುತ್ತದೆ, ಹೆಚ್ಚಿನವರಿಗೆ ಹತ್ತು ಹನ್ನೆರಡು ದಿನಕ್ಕೆ. ನನ್ನದು ಲೆಕ್ಕ ಹಾಕಿದ ಹಾಗೆ ಹತ್ತು.

ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಇದನ್ನು ಅತ್ತೆಗೆ ನಾಲ್ಕು ಸಲ ಹೇಳಬೇಕಾಯಿತು.

ಔಷಧಿ ಶುರುವಾದ ಮೂವತ್ತಾರು ಗಂಟೆಗೆ ಜ್ವರ ಇಳಿಯಿತು. ಬೆಳಿಗ್ಗೆ ಎದ್ದಾಗ ದಿಂಬು ಬೆವರಿನಲ್ಲಿ ಒದ್ದೆ, ತಲೆ ಹಗುರ. ಪಕ್ಕದ ಕಿಟಕಿಯಲ್ಲಿ ಕಾಗೆ ಕೂಗುವುದು ಕೇಳಿಸಿತು. ಎಂಟು ದಿನ ನನಗೆ ನನ್ನ ತಲೆಯ ಸದ್ದು ಬಿಟ್ಟು ಬೇರೇನೂ ಕೇಳಿರಲಿಲ್ಲ. ಇಡ್ಲಿ ಬೇಕು ಅಂದೆ. ನಮ್ಮವರು ಕ್ಯಾಂಟೀನಿಗೆ ಓಡಿದರು.

ಪಕ್ಕದ ಬೆಡ್ಡಿನಲ್ಲಿ ಒಬ್ಬರು ಹಿರಿಯ ಹೆಂಗಸು ಇದ್ದರು, ಬಂಟ್ವಾಳ ಕಡೆಯವರು. ಅವರದ್ದು ಇಲಿ ಜ್ವರ. ಕಾಲು ಒಡೆದಿತ್ತಂತೆ, ಆ ಒಡಕಿನಲ್ಲೇ ಗದ್ದೆಯ ಕೆಸರಿಗೆ ಇಳಿದಿದ್ದರು. ಇಲಿ, ದನ, ನಾಯಿಯ ಮೂತ್ರ ಸೇರಿದ ನೀರಿನಿಂದ ಬರುವ ಬ್ಯಾಕ್ಟೀರಿಯಾ ಅದು. ಅದಕ್ಕೂ ಡಾಕ್ಸಿಸೈಕ್ಲಿನ್ ನಾಟುತ್ತದೆ. ಆದರೆ ಅವರಿಗೆ ಕಣ್ಣು ಹಳದಿಯಾಗಿ ಮೂತ್ರ ಕಡಿಮೆಯಾದ ಮೇಲೆಯೇ ಕರೆದು ತಂದಿದ್ದರು. ಅವರ ಮಗ ಆಯುಷ್ಮಾನ್ ಕಾರ್ಡ್ ಹಿಡಿದು ಕೌಂಟರಿನಿಂದ ಕೌಂಟರಿಗೆ ಅಲೆಯುತ್ತಿದ್ದ. ಕಾರ್ಡ್ ಇದ್ದ ಮಾತ್ರಕ್ಕೆ ಖಾಸಗಿ ಆಸ್ಪತ್ರೆಯಲ್ಲಿ ನಡೆಯುವುದಿಲ್ಲ. ತುರ್ತು ಪ್ರಕರಣ ಬಿಟ್ಟರೆ, ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಪತ್ರ ಬೇಕು. ಕಾರ್ಡ್ ಇರುವವರು ಮೊದಲು ತಾಲೂಕು ಆಸ್ಪತ್ರೆಗೋ, ಮಂಗಳೂರಿನಲ್ಲಾದರೆ ವೆನ್ಲಾಕ್ ಸರ್ಕಾರಿ ಆಸ್ಪತ್ರೆಗೋ ಹೋಗಿ ವಿಚಾರಿಸಿಕೊಳ್ಳಿ. ಇಲ್ಲದಿದ್ದರೆ ಆ ಹುಡುಗನ ಹಾಗೆ ಅರ್ಧ ದಿನ ಹೋಗುತ್ತದೆ.

ಅಡ್ಮಿಟ್ ಆದ ಮೂರನೇ ದಿನ ನನಗೆ ಊರಿನ ನೆನಪಾಯಿತು. ನಾವು ಮೂವರು ಕೂತಿದ್ದೆವಲ್ಲ ಆ ಹುಣಿಯ ಮೇಲೆ? ಅಮ್ಮನಿಗೆ ಫೋನ್ ಮಾಡಿದೆ. ಅಮ್ಮ ಆರಾಮ. "ಕೆಲಸದ ಅಕ್ಕನಿಗೆ ಮಾತ್ರ ನಾಲ್ಕು ದಿನದಿಂದ ಜ್ವರ, ಅಮೃತಬಳ್ಳಿ ಕಷಾಯ ಕುಡಿತಾ ಇದ್ದಾಳೆ" ಅಂದರು. ನನ್ನ ಜೀವ ಬಾಯಿಗೆ ಬಂತು. "ಅಮ್ಮ, ಈಗಲೇ ಹೋಗಿ ಅವಳ ಮೈಯೆಲ್ಲ ನೋಡು" ಅಂದೆ. ಅರ್ಧ ಗಂಟೆಗೆ ವಾಪಸು ಫೋನ್. ಸೊಂಟದ ಹಿಂದೆ, ಲಂಗದ ಲಾಡಿಯ ಕೆಳಗೆ ಇತ್ತು. ಅವಳಿಗೆ ಕಾಣುವ ಜಾಗವೇ ಅಲ್ಲ.

ನನ್ನ ರಿಪೋರ್ಟನ್ನು ವಾಟ್ಸಾಪಿನಲ್ಲಿ ಕಳಿಸಿದೆ. ಊರಿನ ಆಶಾ ಕಾರ್ಯಕರ್ತೆ ಅವಳನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದರು. ಅಲ್ಲಿನ ಡಾಕ್ಟರು ಗಾಯ ನೋಡಿದವರೇ ಡಾಕ್ಸಿಸೈಕ್ಲಿನ್ ಕೊಟ್ಟು ಕಳಿಸಿದರು. ಎರಡನೇ ದಿನ ಜ್ವರ ಬಿಟ್ಟಿತು, ಒಂದು ವಾರಕ್ಕೆ ದನಕ್ಕೆ ಹುಲ್ಲು ತರಲು ಹೋದಳು. ಅವಳಿಗೆ ಆದ ಖರ್ಚು ಬಸ್ ಚಾರ್ಜು. ನನ್ನ ಆಸ್ಪತ್ರೆ ಬಿಲ್ 58,640 ರೂಪಾಯಿ, ಅದಕ್ಕೂ ಮೊದಲು ಕ್ಲಿನಿಕ್ಕು, ಲ್ಯಾಬು ಅಂತ ಹೋದದ್ದು ಐದು ಸಾವಿರದ ಹತ್ತಿರ. ಡಿಸ್ಚಾರ್ಜ್ ಆದ ಮೇಲೆ ನಾನು ಹೊರಗೆ ಕೊಂಡ ಡಾಕ್ಸಿಸೈಕ್ಲಿನ್ ಸ್ಟ್ರಿಪ್ಪಿಗೆ ನೂರು ರೂಪಾಯಿಯೂ ಆಗಲಿಲ್ಲ.

ಆ ಕ್ಯಾಪ್ಸೂಲಿನ ಬಗ್ಗೆ ಎರಡು ಮಾತು. ನಾನು ಮೊದಲ ದಿನ ಮನೆಯಲ್ಲಿ ರಾತ್ರಿ ಒಂದು ಗುಟುಕು ನೀರಿನಲ್ಲಿ ನುಂಗಿ ಹಾಗೇ ಮಲಗಿದೆ. ನಡುರಾತ್ರಿ ಎದೆಯಲ್ಲಿ ಕೆಂಡ ಇಟ್ಟ ಹಾಗೆ ಉರಿ. ಅನ್ನನಾಳಕ್ಕೆ ಅಂಟಿಕೊಂಡು ಹುಣ್ಣು ಮಾಡುವ ಗುಣ ಅದಕ್ಕಿದೆ. ಊಟ ಮಾಡಿ, ದೊಡ್ಡ ಲೋಟ ನೀರಿನ ಜೊತೆ ನುಂಗಿ, ಅರ್ಧ ಗಂಟೆಯಾದರೂ ಕೂತಿರಬೇಕು. ಹಾಲು, ಕ್ಯಾಲ್ಸಿಯಂ ಮಾತ್ರೆ, ಕಬ್ಬಿಣದ ಮಾತ್ರೆ, ಆ್ಯಂಟಾಸಿಡ್ ಜೊತೆ ತಗೊಂಡರೆ ಸರಿಯಾಗಿ ಮೈಗೆ ಹತ್ತುವುದಿಲ್ಲ, ನಡುವೆ ಎರಡು ಮೂರು ಗಂಟೆ ಬಿಡಬೇಕು. ನಾನು ದಿನಾ ಕ್ಯಾಲ್ಸಿಯಂ ತಗೊಳ್ಳುವವಳು. ಸಿಸ್ಟರ್ ಹೇಳದಿದ್ದರೆ ಒಟ್ಟಿಗೇ ನುಂಗುತ್ತಿದ್ದೆ. ಬಿಸಿಲಿಗೆ ಹೋದರೆ ಚರ್ಮ ಬೇಗ ಸುಡುತ್ತದೆ. ಮತ್ತೆ, ಜ್ವರ ಬಿಟ್ಟಿತು ಅಂತ ಅರ್ಧಕ್ಕೆ ನಿಲ್ಲಿಸಬಾರದು. ನನಗೆ ಹೇಳಿದ್ದು ಒಟ್ಟು ಏಳು ದಿನ, ದಿನಕ್ಕೆ ಎರಡು ಸಲ.

ಈಗ ಇನ್ಶೂರೆನ್ಸ್ ಪುರಾಣ. ಕ್ಯಾಶ್‌ಲೆಸ್ ಕೇಳಿದ್ದೆವು. ಅಡ್ಮಿಟ್ ಆಗುವಾಗ ಕೌಂಟರಿನಲ್ಲಿ ನಮ್ಮವರು ಕ್ಲಿನಿಕ್ಕಿನ ಚೀಟಿಯನ್ನೂ ಕೊಟ್ಟಿದ್ದರು, ಅದರಲ್ಲಿ ಟೈಫಾಯಿಡ್ ಅಂತ ಇತ್ತು. ಆಸ್ಪತ್ರೆಯ ಫಾರಂನಲ್ಲಿ ಸ್ಕ್ರಬ್ ಟೈಫಸ್. ಎರಡೂ ಒಂದೇನಾ ಬೇರೆಯಾ, ಒಂದೇ ಆದರೆ ಸ್ಪೆಲ್ಲಿಂಗ್ ಯಾಕೆ ಬೇರೆ, ಬೇರೆ ಆದರೆ ಟೈಫಾಯಿಡ್ ವರದಿ ಎಲ್ಲಿ ಅಂತ ಕಂಪನಿಯ ಪ್ರಶ್ನೆ. ಹೆಸರು ಹತ್ತಿರ ಇರುವುದಕ್ಕೆ ಕಾರಣ ಇದೆ. ಟೈಫಸ್ ಅನ್ನುವುದು ಗ್ರೀಕ್ ಮೂಲದ ಪದ, ಹೊಗೆ ಕವಿದ ಹಾಗೆ ಮಂಕು ಕವಿಯುವುದು ಅಂತ ಅರ್ಥ. ಟೈಫಾಯಿಡ್ ಅಂದರೆ ಟೈಫಸ್ಸಿನಂಥದ್ದು. ಹೆಸರಿಟ್ಟವರಿಗೆ ಆಗ ವ್ಯತ್ಯಾಸ ಅಷ್ಟು ಗೊತ್ತಿರಲಿಲ್ಲ. ನನ್ನ ಪಾಲಿಸಿ ನೋಡುವವರಿಗೆ ಈಗಲೂ ಗೊತ್ತಿಲ್ಲ. ಒಂದು ಆಹಾರ, ನೀರಿನಿಂದ ಬರುವುದು, ಇನ್ನೊಂದು ಹುಳದಿಂದ. ಔಷಧಿಯೂ ಬೇರೆ.

ಕ್ಯಾಶ್‌ಲೆಸ್ ಸಿಗಲಿಲ್ಲ. ದೀಪಾವಳಿಗೆ ಎರಡು ದಿನ ಇತ್ತು, ಮನೆಗೆ ಹೋದರೆ ಸಾಕಿತ್ತು ನನಗೆ. ನಮ್ಮವರು ಭಾವನ ಹತ್ತಿರ ಸಾಲ ಮಾಡಿ ಬಿಲ್ ಕಟ್ಟಿದರು. ಆಮೇಲೆ ರೀಇಂಬರ್ಸ್‌ಮೆಂಟಿಗೆ ಅರ್ಜಿ. ಡಿಸ್ಚಾರ್ಜ್ ಸಮರಿ, ಬಿಲ್ಲಿನ ವಿವರ, ರಸೀದಿ, ಎಲ್ಲ ಲ್ಯಾಬ್ ವರದಿ, ಕ್ಯಾನ್ಸಲ್ ಮಾಡಿದ ಚೆಕ್. ಎಲ್ಲ ಒರಿಜಿನಲ್ ಬೇಕು. ಕೊಡುವ ಮೊದಲು ಒಂದೊಂದು ಹಾಳೆಯ ಫೋಟೊ ತೆಗೆದಿಟ್ಟೆ, ಅದು ನಾನು ಮಾಡಿದ ಒಂದೇ ಬುದ್ಧಿವಂತಿಕೆ. ಇಪ್ಪತ್ತು ದಿನ ಬಿಟ್ಟು ಮತ್ತೆ ಪ್ರಶ್ನೆ ಬಂತು, ಅದೇ ಟೈಫಾಯಿಡ್. ಜ್ವರದ ಸುಸ್ತಿನಲ್ಲೇ ಕ್ಲಿನಿಕ್ಕಿಗೆ ಹೋಗಿ ಕಾದು, "ಆರಂಭದಲ್ಲಿ ಟೈಫಾಯಿಡ್ ಸಂಶಯ ಇತ್ತು, ಖಚಿತವಾಗಿರಲಿಲ್ಲ" ಅಂತ ಬರೆಸಿಕೊಂಡು ಬಂದೆ. ಆಸ್ಪತ್ರೆಯ ಆ ಪಿಜಿ ಹುಡುಗಿ ಇನ್ನೊಂದು ಪತ್ರ ಮಾಡಿ ದೊಡ್ಡ ಡಾಕ್ಟರ ಸಹಿ ಹಾಕಿಸಿ ಕೊಟ್ಟಳು. ಕೊನೆಗೆ ಬಂದದ್ದು 47,215. ಉಳಿದದ್ದು ಗ್ಲೌಸು, ಸಿರಿಂಜು, ನೋಂದಣಿ, ನಮ್ಮವರು ತಿಂದ ಊಟ ಅಂತ ಕಡಿತ. ಕ್ಲಿನಿಕ್ಕಿನ ಖರ್ಚನ್ನೂ ಕೇಳಬಹುದಿತ್ತು. ನನ್ನ ಪಾಲಿಸಿಯಲ್ಲಿ ಅಡ್ಮಿಟ್ ಆಗುವ ಮೊದಲಿನ ಮೂವತ್ತು ದಿನದ ಖರ್ಚಿಗೂ ಅವಕಾಶ ಉಂಟು. ಆದರೆ ಅಲ್ಲಿ ಬಿಲ್ಲೇ ಕೊಟ್ಟಿರಲಿಲ್ಲ, ನಾನೂ ಕೇಳಿರಲಿಲ್ಲ. ಎಷ್ಟೇ ಸಣ್ಣ ಕ್ಲಿನಿಕ್ಕಾದರೂ ರಸೀದಿ ತಗೊಳ್ಳಿ. ಫಾರಂ ತುಂಬುವವರಿಗೆ ಕಾಯಿಲೆಯ ಹೆಸರನ್ನು ನೀವೇ ಬರೆದು ತೋರಿಸಿ.

ಟಾಮಿಯ ವಿಷಯ ಬಾಕಿ ಇದೆ. ನಾನು ಮನೆಗೆ ಬಂದ ಮೇಲೂ ಅವನನ್ನು ಒಳಗೆ ಬಿಡಲು ಅತ್ತೆ ಒಪ್ಪಲಿಲ್ಲ. ಕೊನೆಗೆ ಪಶುವೈದ್ಯರನ್ನೇ ಕೇಳಿದೆವು. ಈ ಕಾಯಿಲೆ ನಾಯಿಯಿಂದ ಬರುವುದಲ್ಲ, ಮಂಗನ ಕಾಯಿಲೆ ಮೊದಲನೆಯದಾಗಿ ಬ್ಯಾಕ್ಟೀರಿಯಾವೇ ಅಲ್ಲ, ವೈರಸ್ಸು, ಅದರ ಉಣುಗು ಕಾಡಿನದ್ದು ಅಂದರು. ಹಾಗಂತ ನಾಯಿಗೆ ಪೂರ್ತಿ ಕ್ಲೀನ್ ಚಿಟ್ ಕೊಡಲಿಲ್ಲ. ನಾಯಿಯ ಮೈ ಉಣುಗಿನಿಂದ ಹರಡುವ ಇನ್ನೊಂದು ಬಗೆಯ ಟೈಫಸ್ ಜ್ವರ ನಮ್ಮ ದೇಶದಲ್ಲಿದೆ. ಉಣುಗನ್ನು ಬೆರಳಲ್ಲಿ ಹಿಸುಕಬೇಡಿ, ಚಿಮುಟದಲ್ಲಿ ಬುಡ ಹಿಡಿದು ನೇರ ಎಳೆಯಿರಿ ಅಂದರು. ನಮ್ಮಪ್ಪ ಉಗುರಲ್ಲೇ ಟಪ್ ಅನ್ನಿಸುವವರು. ಇಲಿ ಜ್ವರಕ್ಕೆ ನಾಯಿಗೆ ವರ್ಷಕ್ಕೊಂದು ಲಸಿಕೆ ಇದೆ, ರೇಬಿಸ್ ಲಸಿಕೆ ಹಾಕಿಸಿದ್ದು ಇದಕ್ಕೆ ಆಗುವುದಿಲ್ಲ. ಟಾಮಿಗೆ ಅದು ತಪ್ಪಿ ಎರಡು ವರ್ಷ ಆಗಿತ್ತು. ಹಾಕಿಸಿದೆವು. ಬೆಕ್ಕಿನ ಮರಿ ಪರಚಿ ಮಕ್ಕಳಿಗೆ ಕಂಕುಳಲ್ಲಿ ಗಂಟು ಬರುವುದೂ ಒಂದು ಬ್ಯಾಕ್ಟೀರಿಯಾ, ಬೆಕ್ಕಿನ ಚಿಗಟದ ಹಿಕ್ಕೆ ಉಗುರಿಗೆ ಮೆತ್ತಿಕೊಂಡು ಹರಡುವುದು ಅಂತಲೂ ಹೇಳಿದರು. ಪರಚಿದ ಕೂಡಲೇ ಸೋಪು ಹಾಕಿ ತೊಳೆದರೆ ಒಳ್ಳೆಯದು. ಇಷ್ಟೆಲ್ಲ ಕೇಳಿದ ಮೇಲೆ ಅತ್ತೆ, "ಹಾಗಾದ್ರೆ ತಪ್ಪು ಇವಳದ್ದೇ, ಹುಲ್ಲಲ್ಲಿ ಕೂತದ್ದು" ಅಂದು ಟಾಮಿಯನ್ನು ಒಳಗೆ ಬಿಟ್ಟರು.

ಸುಸ್ತು ಇನ್ನೂ ಪೂರ್ತಿ ಹೋಗಿಲ್ಲ. ಎರಡು ಮಹಡಿ ಹತ್ತಿದರೆ ನಿಲ್ಲಬೇಕು. ಹಕ್ಕಳೆ ಮೂರನೇ ವಾರಕ್ಕೆ ತಾನಾಗಿ ಉದುರಿತು, ಈಗ ಅಲ್ಲಿ ಬಿಳಿ ಚುಕ್ಕೆ. ಈ ಕಾಯಿಲೆಗೆ ಲಸಿಕೆ ಇಲ್ಲ, ಒಮ್ಮೆ ಬಂದವರಿಗೆ ಮತ್ತೆ ಬರುವುದಿಲ್ಲ ಅನ್ನುವ ಭರವಸೆಯೂ ಇಲ್ಲ.

ಕಳೆದ ಭಾನುವಾರ ಊರಿಗೆ ಹೋಗಿದ್ದೆ. ಹಿತ್ತಿಲ ಬಾಗಿಲ ಹತ್ತಿರ ಅಮ್ಮ ಒಂದು ಬಕೆಟ್, ಸೋಪು, ಉಜ್ಜುವ ಪೀರೆ ನಾರು ಇಟ್ಟಿದ್ದಾರೆ. ಗದ್ದೆಯಿಂದ ಬಂದವರು ಬಟ್ಟೆಯನ್ನು ಅಲ್ಲೇ ಬಿಸಿನೀರಿಗೆ ಹಾಕಿ, ಮೈ ಉಜ್ಜಿ ತೊಳೆದೇ ಒಳಗೆ ಬರಬೇಕು. ಕೂರಲು ಹುಣಿಯ ಪಕ್ಕ ಎರಡು ಪ್ಲಾಸ್ಟಿಕ್ ಕುರ್ಚಿ. ಕೆಲಸದ ಅಕ್ಕ ಉದ್ದ ತೋಳಿನ ಅಂಗಿ, ಕಾಲಿಗೆ ಗಂಬೂಟು ಹಾಕಿಕೊಂಡು, ಹುಳ ಹತ್ತಿರ ಬರದ ಹಾಗೆ ಡೀಟ್ ಇರುವ ಕ್ರೀಮು ಹಚ್ಚಿಕೊಂಡು ಬರುತ್ತಾಳೆ. ನನ್ನನ್ನು ನೋಡಿ ನಕ್ಕು, "ನಿಮ್ಮದು ಎಲ್ಲಿ ಇತ್ತು?" ಅಂತ ಕೇಳಿದಳು. ಹೇಳಿದೆ. ಇಬ್ಬರೂ ನಕ್ಕೆವು. ಹನ್ನೆರಡು ಮಲ್ಲಿಗೆ ಗಿಡ ನೆಟ್ಟಾಗಿದೆ. ಉಳಿದ ಅರ್ಧ ಗದ್ದೆ ಹಾಗೇ ಹಡಿಲು ಬಿದ್ದಿದೆ, ಸವರಲು ಜನ ಸಿಕ್ಕಿಲ್ಲ.